ನಿಂತ ಬಸ್ಸಿಗೂ ದಿನಕ್ಕೆ ನಾಲ್ಕು ಸಾವಿರ

1/10

ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಫೈನಲ್ ಇಯರ್ ಟ್ರಿಪ್ ಚರ್ಚೆ ಶುರುವಾಗಿ ಎರಡು ವಾರ ಆಯ್ತು. ಶೃಂಗೇರಿ, ಹೊರನಾಡು, ಕೊಲ್ಲೂರು, ಮುರುಡೇಶ್ವರ. ನಾಲ್ಕು ದಿನ, 44 ಜನ. ಜಾಗ ಒಂದೇ ರಾತ್ರಿಯಲ್ಲಿ ಫಿಕ್ಸ್ ಆಯ್ತು, ಬಸ್ ಮಾತ್ರ ಇನ್ನೂ ಆಗಿಲ್ಲ. ಒಬ್ಬರು 88 ಸಾವಿರ ಅಂದ್ರು. ಇನ್ನೊಬ್ಬರು 68ಕ್ಕೆ ಬರ್ತೀನಿ ಅಂದ್ರು. ಮೂರು ಜನ ಡಿಸೆಂಬರ್‌ನಲ್ಲಿ ಗಾಡೀನೇ ಇಲ್ಲ ಅಂತ ಫೋನ್ ಇಟ್ಟರು. ಆಮೇಲೆ ಗ್ರೂಪ್‌ನಲ್ಲಿ ಏನೇನು ಬಂತು ಅಂತ ನಿಮಗೇ ಗೊತ್ತು. "ಬಸ್ ಓನರ್‌ಗಳೆಲ್ಲ ಸೀಸನ್‌ನಲ್ಲಿ ಲೂಟಿ ಹೊಡೀತಾರೆ." "ಕೋವಿಡ್ ಹೋಗಿ ಎಷ್ಟು ವರ್ಷ ಆಯ್ತು, ಇನ್ನೂ ಅದೇ ಕಥೆ ಹೇಳ್ತಾರೆ."

ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ, ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮಪ್ಪನೂ ಟೂರಿಸ್ಟ್ ಬಸ್ ಓನರ್. ಮೈಸೂರಿನಲ್ಲಿ, 22 ವರ್ಷದಿಂದ. 2020ರ ಶುರುವಿನಲ್ಲಿ ಮೂರು ಬಸ್ ಇತ್ತು. ಈಗ ಒಂದು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಆ 88 ಸಾವಿರ ನಮ್ಮ ಮನೆ ರೇಟ್ ಅಲ್ಲ. ಆ ತಾರೀಕಿಗೆ ನಮ್ಮ ಬಸ್ ಅಯ್ಯಪ್ಪ ಸ್ವಾಮಿಗಳ ಟ್ರಿಪ್‌ಗೆ ಬುಕ್ ಆಗಿದೆ. ಹಾಗಾಗಿ ನೀವು ಯಾರ ಬಸ್ ತಗೊಂಡ್ರೂ ನಮಗೆ ಒಂದು ರೂಪಾಯಿ ಬರಲ್ಲ. ಎರಡು ವರ್ಷದಿಂದ ಅಪ್ಪನ ಲೆಕ್ಕದ ಪುಸ್ತಕ ಬರೀತಿರೋದು ನಾನು. ಬಿ.ಕಾಂ. ಓದ್ತಿರೋ ನಮಗೆ ಯಾವ ಟೆಕ್ಸ್ಟ್‌ಬುಕ್‌ನಲ್ಲೂ ಇಲ್ಲದ ಪಾಠ ಅದರಲ್ಲಿದೆ. ಅದನ್ನೇ ಹತ್ತು ಪೋಸ್ಟ್‌ನಲ್ಲಿ ಹೇಳ್ತೀನಿ. ಫೋಟೋಗಳು ನಮ್ಮ ಶೆಡ್ಡಿನವು. ಪುರುಸೊತ್ತಾದಾಗ ಓದಿ, ಆದ್ರೆ ಅಡ್ವಾನ್ಸ್ ಕೊಡೋಕೆ ಮುಂಚೆ ಓದಿ.

2/10

ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತೆ ಅಂತ ನೋಡೋಣ.

ಟೂರಿಸ್ಟ್ ಬಸ್ಸು ಸಿಟಿ ಬಸ್ಸಿನ ಹಾಗೆ ದಿನಾ ಓಡಲ್ಲ. ಅದಕ್ಕೆ ರೂಟ್ ಇಲ್ಲ, ಟಿಕೆಟ್ ಇಲ್ಲ. ಒಂದು ಪಾರ್ಟಿ ಬರುತ್ತೆ, ಪೂರ್ತಿ ಗಾಡಿ ಬಾಡಿಗೆಗೆ ತಗೊಳ್ಳುತ್ತೆ. ಪಾರ್ಟಿ ಇಲ್ಲದ ದಿನ ಗಾಡಿ ಶೆಡ್ಡಿನಲ್ಲಿ.

ವರ್ಷಕ್ಕೆ ಮೂರು ಸುಗ್ಗಿ. ಏಪ್ರಿಲ್-ಮೇ ಮದುವೆ ಮತ್ತು ಬೇಸಿಗೆ ರಜೆ. ಆಮೇಲೆ ದಸರಾ. ನವೆಂಬರ್ ಮಧ್ಯದಿಂದ ಜನವರಿವರೆಗೆ ಶಬರಿಮಲೆ ಸೀಸನ್, ಅದರ ಜೊತೆಗೇ ಸ್ಕೂಲು ಕಾಲೇಜಿನ ಪ್ರವಾಸ. ಆಷಾಢದಲ್ಲಿ ಮದುವೆ ಇಲ್ಲ, ಜೋರು ಮಳೆಗಾಲದಲ್ಲಿ ಘಾಟಿ ಕಡೆ ಯಾರೂ ಹೋಗಲ್ಲ, ಪರೀಕ್ಷೆ ಟೈಮಲ್ಲಿ ಸ್ಕೂಲಿನವರು ಬರಲ್ಲ. ಸುಗ್ಗಿಯಲ್ಲಿ ದುಡಿದದ್ದನ್ನ ಉಳಿದ ತಿಂಗಳಿಗೆ ಹಂಚಬೇಕು. ರೈತರ ಲೆಕ್ಕ ಇದ್ದ ಹಾಗೇನೇ.

ಆದ್ರೆ ಖರ್ಚಿಗೆ ಸುಗ್ಗಿ, ಬರಗಾಲ ಅಂತ ಇಲ್ಲ. ತಿಂಗಳಾ ತಿಂಗಳಾ ಲೋನಿನ ಕಂತು. ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ರಸ್ತೆ ತೆರಿಗೆ. ವರ್ಷಕ್ಕೊಮ್ಮೆ ಇನ್ಶೂರೆನ್ಸ್. ಎಫ್‌ಸಿ, ಪರ್ಮಿಟ್, ಎಮಿಷನ್, ಶೆಡ್ ಬಾಡಿಗೆ. ಗಾಡಿ ಓಡಲಿ ಬಿಡಲಿ, ಇವೆಲ್ಲ ಓಡ್ತಾನೇ ಇರುತ್ತೆ. ನಮ್ಮ ಒಂದು ಬಸ್ಸಿಗೆ ಇದನ್ನೆಲ್ಲ ಕೂಡಿ 365ರಿಂದ ಭಾಗಿಸಿದ್ರೆ ದಿನಕ್ಕೆ ಸುಮಾರು 4,000 ರೂಪಾಯಿ. ಇವತ್ತು, ನೀವು ಇದನ್ನ ಓದ್ತಿರುವಾಗಲೂ, ನಿಂತಿರೋ ಬಸ್ಸು 4,000 ತಿಂತಿದೆ. ಅದಕ್ಕೇ ಅಪ್ಪ ಹೇಳೋದು, "ಆನೆ ಸಾಕಿದ ಹಾಗೆ ಕಣಮ್ಮ. ಮೆರವಣಿಗೆ ಇಲ್ಲ ಅಂತ ಮೇವು ನಿಲ್ಲಿಸೋಕಾಗಲ್ಲ."

3/10

2019ರ ಸೆಪ್ಟೆಂಬರ್‌ನಲ್ಲಿ, ದಸರಾಗೆ ಸ್ವಲ್ಪ ಮುಂಚೆ, ಅಪ್ಪ ಮೂರನೇ ಬಸ್ ತಂದರು. 49 ಸೀಟು, ಪುಷ್‌ಬ್ಯಾಕ್. ಅಜ್ಜಿ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದರು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬರೋದಿತ್ತು, ಹೊಸ ಗಾಡಿಗಳ ಬೆಲೆ ಏರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮುಂಚೇನೇ ತಗೊಂಡ್ರೆ ಲಾಭ ಅಂತ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಕಂತು 62,000.

ಆರು ತಿಂಗಳಿಗೆ, 2020ರ ಮಾರ್ಚ್ 25ರಿಂದ, ದೇಶಪೂರ್ತಿ ಲಾಕ್‌ಡೌನ್.

ಏಪ್ರಿಲ್-ಮೇ ತಿಂಗಳ ಮದುವೆ ಬುಕಿಂಗ್‌ಗಳು ಒಂದೊಂದಾಗಿ ರದ್ದಾದವು. ಜನ ಅಡ್ವಾನ್ಸ್ ವಾಪಸ್ ಕೇಳಿದರು. ಅವರದೂ ತಪ್ಪಿಲ್ಲ, ಅವರ ಮನೆಯಲ್ಲೂ ಕಷ್ಟ. ಆದ್ರೆ ಆ ಅಡ್ವಾನ್ಸ್ ಆಗಲೇ ಟೈರಾಗಿ, ಇನ್ಶೂರೆನ್ಸಾಗಿ ಖರ್ಚಾಗಿತ್ತು. ಅಮ್ಮನ ಬಳೆ ಗಿರವಿ ಇಟ್ಟು ಎಲ್ಲರಿಗೂ ವಾಪಸ್ ಕೊಟ್ಟೆವು. ಕೆಲವರು "ಇರ್ಲಿ ಬಿಡಿ, ಮುಂದಿನ ಸಲ ಹೋಗೋಣ" ಅಂದ್ರು. ಅವರ ಹೆಸರು ಅಪ್ಪ ಇವತ್ತಿಗೂ ಮರೆತಿಲ್ಲ.

ಬಸ್ ನಿಲ್ಲಿಸಿಟ್ರೆ ಏನಾಗುತ್ತೆ ಗೊತ್ತಾ? ಸುಮ್ಮನೆ ನಿಂತಿರಲ್ಲ, ಸಾಯ್ತಾ ಹೋಗುತ್ತೆ. ಮೊದಲು ಬ್ಯಾಟರಿ ಹೋಗುತ್ತೆ. ಭಾರ ಒಂದೇ ಕಡೆ ಬಿದ್ದು ಟೈರ್ ಹಾಳಾಗುತ್ತೆ. ಹೆಗ್ಗಣ ಬಂದು ವೈರಿಂಗ್ ಕಡಿಯುತ್ತೆ. ಸೀಟಿಗೆ ಬೂಷ್ಟು ಹಿಡಿಯುತ್ತೆ. ವಾರಕ್ಕೆರಡು ಸಲ ಅಪ್ಪ ಹೋಗಿ ಮೂರೂ ಬಸ್ ಸ್ಟಾರ್ಟ್ ಮಾಡಿ, ಶೆಡ್ಡಿನೊಳಗೇ ಹಿಂದೆ ಮುಂದೆ ಮಾಡಿ ಬರ್ತಿದ್ರು. ಎರಡನೇ ಫೋಟೋ ಆಗಿಂದು. ಚಕ್ರದ ಸುತ್ತ ಬೆಳೆದಿರೋ ಹುಲ್ಲು ನೋಡಿ.

ತೆರಿಗೆ ಉಳಿಸೋಕೆ ಒಂದೇ ದಾರಿ ಇತ್ತು. ಗಾಡಿ ಓಡಿಸಲ್ಲ ಅಂತ ದಾಖಲೆಗಳನ್ನ ಆರ್‌ಟಿಒಗೆ ಒಪ್ಪಿಸೋದು. ನಮ್ಮಲ್ಲಿ ಇದಕ್ಕೆ 'ಸರೆಂಡರ್' ಅಂತಾರೆ. ಸರೆಂಡರ್ ಮಾಡಿದ ಮೇಲೆ ಸಣ್ಣ ಟ್ರಿಪ್ ಬಂದ್ರೂ ಓಡಿಸೋ ಹಾಗಿಲ್ಲ. ಎರಡು ಬಸ್ ಸರೆಂಡರ್ ಮಾಡಿದ್ವಿ, ಒಂದನ್ನ ಆಸೆಗೆ ಇಟ್ಕೊಂಡ್ವಿ.

4/10

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಮೊರಟೋರಿಯಂ.

2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳು ಕಂತು ಮುಂದೂಡೋಕೆ ಅವಕಾಶ ಕೊಡ್ತು. ಆಮೇಲೆ ಅದನ್ನ ಆಗಸ್ಟ್ 31ರವರೆಗೆ ವಿಸ್ತರಿಸ್ತು. ಒಟ್ಟು ಆರು ತಿಂಗಳು. ಟಿವಿಯಲ್ಲಿ "ಇಎಂಐ ಕಟ್ಟಬೇಕಿಲ್ಲ" ಅಂತ ಬಂತು. ಬಹಳ ಜನ ಸಾಲ ಮಾಫಿ ಅಂತಾನೇ ತಿಳ್ಕೊಂಡ್ರು.

ಮುಂದೂಡೋದು ಬೇರೆ, ಮನ್ನಾ ಬೇರೆ. 25 ಲಕ್ಷ ಅಸಲು ಬಾಕಿ, ವರ್ಷಕ್ಕೆ ಶೇ. 12 ಬಡ್ಡಿ ಅಂತ ಇಟ್ಕೊಳ್ಳಿ. ತಿಂಗಳಿಗೆ ಬಡ್ಡಿನೇ 25,000. ಆರು ತಿಂಗಳಿಗೆ ಒಂದೂವರೆ ಲಕ್ಷ. ಆ ಒಂದೂವರೆ ಲಕ್ಷ ಎಲ್ಲೂ ಹೋಗಲ್ಲ, ಸಾಲದ ತಲೆ ಮೇಲೆ ಕೂರುತ್ತೆ. ಬಡ್ಡಿ ಮೇಲೆ ಬಡ್ಡಿ ಹಾಕಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಮಾರ್ಚ್‌ನಲ್ಲಿ. ಅದರಿಂದ ಉಪಕಾರ ಆಯ್ತು, ಆದ್ರೆ ಮಾಮೂಲಿ ಬಡ್ಡಿ ಮನ್ನಾ ಆಗಲಿಲ್ಲ.

ಇನ್ನೊಂದು ವಿಷಯ. ಮೊರಟೋರಿಯಂ ಮುಗಿದಿದ್ದು ಆಗಸ್ಟ್‌ನಲ್ಲಿ. ಕೊರೊನಾ ಆಗ ಮುಗಿದಿರಲಿಲ್ಲ. ಸೆಪ್ಟೆಂಬರ್‌ನಿಂದ ಕಂತು ಕಟ್ಟಬೇಕು, ಪಾರ್ಟಿ ಒಂದೂ ಇಲ್ಲ. ಸಾಲದ ಅವಧಿ ಎರಡು ವರ್ಷ ವಿಸ್ತರಿಸಿಕೊಂಡ್ವಿ. ಕಂತು 62ರಿಂದ 48 ಸಾವಿರಕ್ಕೆ ಇಳೀತು. ಕೇಳೋಕೆ ಚೆನ್ನಾಗಿದೆ ಅಲ್ವಾ? 2024ಕ್ಕೆ ಮುಗೀಬೇಕಿದ್ದ ಸಾಲ 2027ಕ್ಕೆ ಹೋಯ್ತು.

ಸರ್ಕಾರದ ಗ್ಯಾರಂಟಿ ಮೇಲೆ ಹೆಚ್ಚುವರಿ ಸಾಲ ಕೊಡೋ ಯೋಜನೆ ಬಂತು, ಇಸಿಎಲ್‌ಜಿಎಸ್ ಅಂತ. ಅಡಮಾನ ಕೇಳದೆ ಕೊಟ್ಟರು, ಅದು ಒಳ್ಳೇದೇ. ಆದ್ರೆ ಅದೂ ಸಾಲವೇ. ಹಳೇ ಸಾಲದ ಕಂತು ಕಟ್ಟೋಕೆ ಹೊಸ ಸಾಲ. ಪಾರ್ಕಿಂಗ್‌ನಲ್ಲಿ ನಿಂತಿರೋ ಬಸ್ಸಿಗೆ ಎರಡೆರಡು ಕಂತು.

ಕ್ಯಾಶ್ ಫ್ಲೋ ಅಂದ್ರೆ ಏನು ಅಂತ ಮುಂದಿನ ಸೆಮಿಸ್ಟರ್ ವೈವಾದಲ್ಲಿ ಕೇಳಿದ್ರೆ ನನ್ನ ಹತ್ರ ಉತ್ತರ ಇದೆ.

5/10

"ಪರಿಹಾರ ಬಂತಲ್ಲ?" ಅಂತ ಕೇಳ್ತೀರಿ.

2020ರ ಮೇನಲ್ಲಿ ರಾಜ್ಯ ಸರ್ಕಾರ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ನಮ್ಮ ಬೀದಿಯ ಆಟೊ ಅಣ್ಣಂದಿರಿಗೆ ಅದರಿಂದ ಅನುಕೂಲ ಆಯ್ತು. ನಮ್ಮ ಬಸ್ಸಿನ ಡ್ರೈವರ್, ಕ್ಲೀನರ್ ಯಾರ ಕೈಗೂ ಅದು ಬರಲಿಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪ್ರವಾಸೋದ್ಯಮದವರಿಗೆ 10 ಲಕ್ಷದವರೆಗೆ, ಗೈಡ್‌ಗಳಿಗೆ 1 ಲಕ್ಷದವರೆಗೆ ಗ್ಯಾರಂಟಿ ಸಾಲ ಅಂತ ಹೇಳ್ತು. ಅದು ಪ್ರವಾಸೋದ್ಯಮ ಇಲಾಖೆಯ ಮಾನ್ಯತೆ ಇರೋರಿಗೆ. ಎರಡು ಮೂರು ಬಸ್ ಇಟ್ಕೊಂಡು, ಬೋರ್ಡ್ ಮೇಲೆ ಮೊಬೈಲ್ ನಂಬರ್ ಬರೆಸ್ಕೊಂಡು ಬದುಕೋ ನಮ್ಮಂಥವರು ಆ ಪಟ್ಟಿಯಲ್ಲಿ ಎಲ್ಲಿರ್ತೀವಿ?

ಸುಗ್ಗಿಗಳ ಕಥೆ ಕೇಳಿ. 2020ರ ದಸರಾ ನಿಮಗೆ ನೆನಪಿರಬಹುದು. ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತ ವರ್ಷ. ಅರಮನೆ ಆವರಣದಲ್ಲೇ ಮೆರವಣಿಗೆ, 300 ಜನಕ್ಕೆ ಮಾತ್ರ ಅವಕಾಶ. ಬೇರೆ ವರ್ಷ ಆ ಹತ್ತು ದಿನ ಮೈಸೂರಿನಲ್ಲಿ ಬಸ್ ನಿಲ್ಲಿಸೋಕೆ ಜಾಗ ಸಿಗಲ್ಲ. ಆ ವರ್ಷ ದೊಡ್ಡಕೆರೆ ಮೈದಾನ ಖಾಲಿ. ಶಬರಿಮಲೆಯಲ್ಲಿ ಶುರುವಿಗೆ ವಾರದ ದಿನ 1,000, ವಾರಾಂತ್ಯ 2,000 ಭಕ್ತರಿಗೆ ಮಾತ್ರ ದರ್ಶನ. ಎಷ್ಟೋ ಸ್ವಾಮಿಗಳು ಊರಲ್ಲೇ ಇರುಮುಡಿ ಇಳಿಸಿದರು.

ಮಧ್ಯೆ ಒಂದು ವಿಚಿತ್ರ ಆಯ್ತು. 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ. ಸರ್ಕಾರ ಖಾಸಗಿ ಬಸ್ಸುಗಳಿಗೆ ಸರ್ಕಾರಿ ಬಸ್ ನಿಲ್ದಾಣದಿಂದಲೇ ಓಡಿಸೋಕೆ ಬಿಡ್ತು. ಸುಮಾರು ಎರಡು ವಾರ ನಮ್ಮ ಪುಷ್‌ಬ್ಯಾಕ್ ಬಸ್ಸು ಮೈಸೂರು-ಬೆಂಗಳೂರು ಓಡಿತು. ಅಪ್ಪನ ಮುಖದಲ್ಲಿ ಒಂದು ವರ್ಷದ ಮೇಲೆ ಕಳೆ ಬಂದಿತ್ತು. ಸಂಬಳಕ್ಕೆ ಹೋರಾಡ್ತಿರೋ ಡ್ರೈವರ್‌ಗಳ ಮುಷ್ಕರದಿಂದ ನಮ್ಮ ಒಲೆ ಉರೀತಿದೆ ಅನ್ನೋದು ಅವರಿಗೆ ಹಿಡಿಸ್ತಾನೂ ಇರಲಿಲ್ಲ. ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಕರ್ಫ್ಯೂ, ಎರಡನೇ ಅಲೆ. ಮತ್ತೆ ಶೆಡ್ಡು.

6/10

ಮೊದಲು ಹೋಗಿದ್ದು ಅತಿ ಹಳೇ ಬಸ್ಸು. ಅಪ್ಪ ಶುರು ಮಾಡಿದ್ದೇ ಅದರಿಂದ. ಕೊಳ್ಳೋಕೆ ಬಂದವರು ಸ್ಟೇರಿಂಗ್ ಮುಟ್ಟಲೇ ಇಲ್ಲ. ಕೆಳಗೆ ಬಗ್ಗಿ ಕಬ್ಬಿಣ ನೋಡಿದರು.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. 2022ರ ಶುರುವಿನಲ್ಲಿ ಕೊಚ್ಚಿಯ ಒಬ್ಬ ಟೂರಿಸ್ಟ್ ಬಸ್ ಮಾಲೀಕರು ತಮ್ಮ ಬಸ್ಸುಗಳನ್ನ ಕಿಲೋಗೆ 45 ರೂಪಾಯಿಯಂತೆ ಮಾರ್ತೀನಿ ಅಂತ ಹೇಳಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಇಂಗ್ಲೆಂಡ್‌ನಲ್ಲಿ ಕೋಚ್ ಪ್ರವಾಸಕ್ಕೆ ಹೆಸರಾಗಿದ್ದ ಶಿಯರಿಂಗ್ಸ್ ಸಂಸ್ಥೆ 2020ರ ಮೇನಲ್ಲೇ ಬಾಗಿಲು ಹಾಕ್ತು. ಅದೇ ಜುಲೈನಲ್ಲಿ ಅಲ್ಲಿನ ಕೋಚ್ ಮಾಲೀಕರು ಲಂಡನ್ ಬೀದಿಯಲ್ಲಿ ಹಾರ್ನ್ ಹೊಡೀತಾ ಬಸ್ಸುಗಳ ಮೆರವಣಿಗೆ ಮಾಡಿದರು. ದೇಶ ಬೇರೆ, ಭಾಷೆ ಬೇರೆ, ಕಂತಿನ ಕಷ್ಟ ಒಂದೇ.

ಎರಡನೇ ಬಸ್ಸು ಹೋಗಿದ್ದು ಬೇರೆ ಥರ. ಅದರ ಸಾಲ ಒಂದು ಫೈನಾನ್ಸ್ ಕಂಪನಿಯದು. ನಾಲ್ಕು ಕಂತು ಬಾಕಿ ಇತ್ತು. ಚಾಮರಾಜನಗರದ ಕಡೆ ಒಂದು ಮದುವೆ ಟ್ರಿಪ್ ಸಿಕ್ಕಿತ್ತು, ಬಹಳ ದಿನದ ಮೇಲೆ. ವಾಪಸ್ ಬರುವಾಗ ರಿಂಗ್ ರೋಡ್ ಹತ್ರ ಬೈಕಿನಲ್ಲಿ ನಾಲ್ಕು ಜನ ಬಂದು ಅಡ್ಡ ಹಾಕಿದರು. ಡ್ರೈವರ್ ಮಾವ ಅವರಿಗೆ ಒಂದೇ ಮಾತು ಹೇಳಿದರಂತೆ, "ಒಳಗೆ ಹೆಣ್ಣಿನ ಮನೆಯವರು ಇದಾರೆ, ಮದುಮಗಳ ಅಜ್ಜಿ ಇದಾರೆ. ಅವರನ್ನ ಮನೆ ಮುಟ್ಟಿಸಿ ನಾನೇ ಬೀಗ ತಂದು ಕೊಡ್ತೀನಿ." ಅವರೂ ಮನುಷ್ಯರೇ, ಒಪ್ಪಿದರು. ಬೈಕುಗಳು ಬಸ್ಸಿನ ಹಿಂದೇನೇ ಬಂದವು. ಮಾವ ಎಲ್ಲರನ್ನೂ ಇಳಿಸಿ, ಬಸ್ಸಿನೊಳಗೆ ಕಸ ಗುಡಿಸಿ, ಗಣಪತಿ ಮೇಲಿದ್ದ ಒಣಗಿದ ಹಾರ ತೆಗೆದು, ಬೀಗ ಕೊಟ್ಟು ಬಂದರು. ಹರಾಜಿನಲ್ಲಿ ಬಂದ ದುಡ್ಡು ಸಾಲಕ್ಕೂ ಸಾಕಾಗಲಿಲ್ಲ.

ಉಳಿದದ್ದು 2019ರ ಬಸ್ಸು. ಅಂದ್ರೆ ಅತಿ ಹೆಚ್ಚು ಸಾಲ ಇರೋದು.

7/10

ಈಗ ದುಡ್ಡಿಗಿಂತ ದೊಡ್ಡ ವಿಷಯ. ಡ್ರೈವರ್.

2020ಕ್ಕೆ ಮುಂಚೆ ನಮ್ಮಲ್ಲಿ ಐದು ಜನ ಡ್ರೈವರ್, ಮೂರು ಕ್ಲೀನರ್. ಅಪ್ಪ ನಾಲ್ಕು ತಿಂಗಳು ಅರ್ಧ ಸಂಬಳ ಕೊಟ್ಟರು, ಆಮೇಲೆ ಅಕ್ಕಿ-ಬೇಳೆ ಕೊಟ್ಟರು, ಆಮೇಲೆ ಕೊಡೋಕೆ ಏನೂ ಇರಲಿಲ್ಲ. ಒಬ್ಬರು ತರಕಾರಿ ಲಾರಿಗೆ ಹೋದರು, ಲಾಕ್‌ಡೌನ್‌ನಲ್ಲೂ ತರಕಾರಿ ಓಡ್ತಿತ್ತಲ್ಲ. ಒಬ್ಬರು ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಸಿಟಿ ಬಸ್ ಓಡಿಸ್ತಾರೆ. ಒಬ್ಬರು ಕುವೈತ್‌ನಲ್ಲಿದ್ದಾರೆ. ಒಬ್ಬರು ಊರಿಗೆ ಹೋಗಿ ರೇಷ್ಮೆ ಹುಳ ಸಾಕ್ತಿದ್ದಾರೆ. ಯಾರನ್ನ ಕರೆದರೂ ಒಂದೇ ಉತ್ತರ, "ಅಣ್ಣ, ನಿಮ್ಮ ಮೇಲೆ ಬೇಜಾರಿಲ್ಲ. ಆದ್ರೆ ಇಲ್ಲಿ ತಿಂಗಳ ಒಂದನೇ ತಾರೀಕು ಸಂಬಳ ಬೀಳುತ್ತೆ." ಇದಕ್ಕೆ ಏನು ಹೇಳ್ತೀರಿ?

ಉಳಿದವರು ಡ್ರೈವರ್ ಮಾವ ಒಬ್ಬರೇ. ವಯಸ್ಸು 58.

ಹೊಸಬರು ಯಾಕೆ ಬರಲ್ಲ? ನಮ್ಮ ಕಡೆ ಡ್ರೈವಿಂಗ್ ಸ್ಕೂಲಿನಿಂದ ಘಾಟಿ ಡ್ರೈವರ್ ಹುಟ್ಟಲ್ಲ, ಕ್ಲೀನರ್ ಕೆಲಸದಿಂದ ಹುಟ್ತಾನೆ. ಹುಡುಗ ಕ್ಲೀನರ್ ಆಗಿ ಸೇರ್ತಾನೆ. ಗಾಜು ಒರೆಸ್ತಾನೆ, ರಿವರ್ಸ್‌ಗೆ ಸೀಟಿ ಊದ್ತಾನೆ, ಸ್ಟೆಪ್ನಿ ಬಿಚ್ಚೋದು ಕಲೀತಾನೆ. ಸೀನಿಯರ್ ಪಕ್ಕ ಕೂತು ಆಗುಂಬೆ ತಿರುವಿನಲ್ಲಿ ಯಾವ ಗೇರು, ಎಲ್ಲಿ ಹಾರ್ನು ಅಂತ ನೋಡ್ತಾನೆ. ಮೊದಲು ಲೈಟ್ ಮೋಟಾರ್ ಲೈಸೆನ್ಸ್, ಅದಾಗಿ ಕನಿಷ್ಠ ಒಂದು ವರ್ಷದ ಮೇಲೆ, 20 ತುಂಬಿದ ಮೇಲೆ ಹೆವಿ ಲೈಸೆನ್ಸ್‌ಗೆ ಹೋಗ್ತಾನೆ. ಈ ಸರಪಳಿ ಎರಡು ವರ್ಷ ಪೂರ್ತಿ ತುಂಡಾಯ್ತು. 2020ರಲ್ಲಿ ಕ್ಲೀನರ್ ಆಗಿದ್ದ ಹುಡುಗ ಇವತ್ತು ಡ್ರೈವರ್ ಆಗಿರಬೇಕಿತ್ತು. ಅವನೀಗ ಬೈಕಿನಲ್ಲಿ ಊಟ ಡೆಲಿವರಿ ಮಾಡ್ತಾನೆ. ನಮ್ಮ ಮನೆಗೇ ಒಂದು ಸಲ ಬಂದಿದ್ದ.

ಎಂಟನೇ ಕ್ಲಾಸ್ ಪಾಸಾಗಿರಲೇಬೇಕು ಅನ್ನೋ ನಿಯಮವನ್ನ 2019ರಲ್ಲೇ ತೆಗೆದುಹಾಕಿದ್ದಾರೆ. ಆದ್ರೂ ಜನ ಇಲ್ಲ. ಮಾವ ಹೇಳ್ತಾರೆ, "ಟೂರಿಸ್ಟ್ ಬಸ್ ಡ್ರೈವರ್ ಅಂದ್ರೆ ಹೆಣ್ಣು ಕೊಡಲ್ಲ ಕಣಮ್ಮ. ಹಬ್ಬದ ದಿನ ಮನೇಲಿರಲ್ಲ, ಮಲಗೋದು ಡಿಕ್ಕಿಯಲ್ಲಿ." ಅವರ ಮಗ ಐಟಿಐ ಮುಗಿಸಿ ಫ್ಯಾಕ್ಟರಿಯಲ್ಲಿದ್ದಾನೆ. ಅವರೇ ಹೇಳಿ ಸೇರಿಸಿದ್ದು.

8/10

"ಈಗ ಎಲ್ಲ ಸರಿ ಹೋಗಿದೆಯಲ್ಲ, ಎಲ್ಲಿ ನೋಡಿದರೂ ಜನ" ಅಂತೀರಿ. ನಿಜ. 2022ರ ದಸರಾದಿಂದ ಜನ ನುಗ್ಗಿ ಬಂದರು. ಆದ್ರೆ ಅವರು ಬರೋ ರೀತಿ ಬದಲಾಗಿದೆ.

ಕೊರೊನಾ ಹೊತ್ತಲ್ಲಿ ಬಹಳ ಕುಟುಂಬಗಳು ನಮ್ಮವರಷ್ಟೇ ಹೋಗೋಣ ಅಂತ ಅಭ್ಯಾಸ ಮಾಡ್ಕೊಂಡವು. 49 ಸೀಟಿನ ಜಾಗದಲ್ಲಿ ಟಿಟಿ ಬಂತು, ಸ್ವಂತ ಕಾರ್ ಬಂತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಬೆಂಗಳೂರಿನವರು ಬೆಳಿಗ್ಗೆ ಕಾರಲ್ಲಿ ಬಂದು ಸಂಜೆ ವಾಪಸ್.

ಡೀಸೆಲ್ 2021ರ ಅಕ್ಟೋಬರ್‌ನಲ್ಲಿ ನೂರು ದಾಟಿತ್ತು. ನವೆಂಬರ್‌ನಲ್ಲಿ ಕೇಂದ್ರ 10, ರಾಜ್ಯ 7 ರೂಪಾಯಿ ಇಳಿಸ್ತು. 2024ರ ಜೂನ್ ಮತ್ತು 2025ರ ಏಪ್ರಿಲ್‌ನಲ್ಲಿ ರಾಜ್ಯದ ತೆರಿಗೆ ಮತ್ತೆ ಏರಿ 91ರ ಆಸುಪಾಸಿಗೆ ಬಂತು. ಕೊರೊನಾ ಕಾಲದಲ್ಲಿ ಅವಧಿ ಮುಗಿದ ದಾಖಲೆಗಳಿಗೆ 2021ರ ಅಕ್ಟೋಬರ್ ಕೊನೆವರೆಗೆ ವಿನಾಯಿತಿ ಇತ್ತು. ವಿನಾಯಿತಿ ಮುಗಿದ ತಕ್ಷಣ ಬಾಕಿ ಇದ್ದ ಕಾಗದಗಳೆಲ್ಲ ಒಟ್ಟಿಗೇ ಎದುರು ನಿಂತವು. ಅಖಿಲ ಭಾರತ ಪ್ರವಾಸಿ ಪರ್ಮಿಟ್ 2021ರಿಂದ ಆನ್‌ಲೈನ್ ಆಗಿದೆ, ಗಡಿಗಡಿಯಲ್ಲಿ ತೆರಿಗೆ ಕಟ್ಟೋ ರಗಳೆ ತಪ್ಪಿದೆ, ಅದು ಒಳ್ಳೇದು. ಆದ್ರೆ 23ಕ್ಕಿಂತ ಹೆಚ್ಚು ಸೀಟಿನ ನಾನ್-ಎಸಿ ಬಸ್ಸಿಗೆ ವರ್ಷಕ್ಕೆ 2 ಲಕ್ಷ, ಎಸಿಗೆ 3 ಲಕ್ಷ. ಅಪ್ಪ ಶಬರಿಮಲೆ ಸೀಸನ್‌ಗೆ ಮಾತ್ರ ಮೂರು ತಿಂಗಳದ್ದು ತಗೋತಾರೆ.

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ. ನಮ್ಮ ಬಾಡಿಗೆಯಲ್ಲಿ ಒಂದು ದೊಡ್ಡ ಭಾಗ ಮಹಿಳಾ ಸಂಘಗಳ ಧರ್ಮಸ್ಥಳ, ಕುಕ್ಕೆ ಟ್ರಿಪ್. ಅದು ಹೆಚ್ಚುಕಮ್ಮಿ ನಿಂತೇ ಹೋಯ್ತು. ಆ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಮಾಡಿದರಲ್ಲ, ಅಪ್ಪನೂ ಹೋಗಿದ್ದರು. ಅದೇ ವಾರ ನಮ್ಮಮ್ಮ ಅಕ್ಕನ ಜೊತೆ ಉಚಿತ ಟಿಕೆಟ್‌ನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದರು. ಮದುವೆಯಾಗಿ 24 ವರ್ಷಕ್ಕೆ, ಅಪ್ಪನ ಹತ್ರ ದುಡ್ಡು ಕೇಳದೆ ಹೋದ ಮೊದಲ ಊರು ಅಂದ್ರು. ಪ್ರಸಾದ ತಂದು ಅಪ್ಪನ ಕೈಗಿಟ್ಟರು. ಅಪ್ಪ ಕಣ್ಣಿಗೊತ್ತಿಕೊಂಡು ತಿಂದರು. ನಮ್ಮ ಮನೆಯಲ್ಲಿ ಆ ಯೋಜನೆ ಬಗ್ಗೆ ಜಗಳ ಇಲ್ಲ, ಎರಡು ಅಭಿಪ್ರಾಯ ಇದೆ. ಎರಡೂ ಸರಿ ಅಂತ ನನಗನಿಸುತ್ತೆ.

9/10

ಈಗ ನಮ್ಮ ಟ್ರಿಪ್ ಲೆಕ್ಕ. ನಮ್ಮ ಬಸ್ಸಿನ ಖರ್ಚು ಹಿಡಿದು ಹಾಕ್ತೀನಿ. ಪೆನ್ನು ತಗೊಳ್ಳಿ.

ನಾಲ್ಕು ದಿನ, ಸುಮಾರು 1,100 ಕಿ.ಮೀ. ಘಾಟಿ ದಾರಿಯಲ್ಲಿ ಲೀಟರಿಗೆ 4.4 ಕಿ.ಮೀ. ಕೊಟ್ಟರೆ ಪುಣ್ಯ. 250 ಲೀಟರ್, 91 ರೂಪಾಯಿ, 22,750.

ಇಬ್ಬರು ಡ್ರೈವರ್, ದಿನಕ್ಕೆ ತಲಾ 1,200 ಬಾಟಾ. ನಾಲ್ಕು ದಿನಕ್ಕೆ 9,600. ಕ್ಲೀನರ್ 700ರಂತೆ 2,800.

ಟೋಲ್, ಪಾರ್ಕಿಂಗ್ 3,500. ಟೈರು, ಆಯಿಲ್, ಬ್ರೇಕ್ ಸವೆತಕ್ಕೆ 6,000.

ಆಮೇಲೆ ಆ ದಿನಕ್ಕೆ 4,000. ಇಲ್ಲೇ ಎಲ್ಲರೂ ಎಡವೋದು. ನಾಲ್ಕು ದಿನಕ್ಕೆ 16,000 ಅಲ್ಲ. ಬಸ್ಸು ತಿಂಗಳಲ್ಲಿ ಸರಾಸರಿ 12 ದಿನ ಓಡುತ್ತೆ. 30 ದಿನದ 1,20,000ವನ್ನ ಆ 12 ದಿನವೇ ದುಡೀಬೇಕು. ಅಂದ್ರೆ ಓಡೋ ದಿನಕ್ಕೆ 10,000. ನಾಲ್ಕು ದಿನಕ್ಕೆ 40,000.

ಒಟ್ಟು 84,650. ಇದರ ಮೇಲೆ ಓನರ್‌ಗೆ ಉಳಿಯೋದೇ ಅವರ ಮನೆ ಖರ್ಚು. 88,000 ಅಂದೋರು ಲೂಟಿ ಮಾಡ್ತಿಲ್ಲ. 44 ಜನಕ್ಕೆ ಹಂಚಿದರೆ ತಲೆಗೆ 2,000.

ಹಾಗಾದ್ರೆ 68,000ಕ್ಕೆ ಹೇಗೆ ಬರ್ತಾರೆ? ಒಂದು, ಅವರ ಸಾಲ ತೀರಿರಬಹುದು, ಆಗ ಆ ರೇಟ್ ನ್ಯಾಯವಾಗಿಯೇ ಸಾಧ್ಯ. ಎರಡು, ಖಾಲಿ ನಿಲ್ಲೋದಕ್ಕಿಂತ ಕಂತಿನ ಅರ್ಧನಾದ್ರೂ ಹುಟ್ಟಲಿ ಅಂತ ನಷ್ಟಕ್ಕೆ ಬರ್ತಿರಬಹುದು. ಮೂರು, ಎಲ್ಲೋ ಕತ್ತರಿ ಹಾಕ್ತಿರಬಹುದು. ಡೀಸೆಲ್‌ಗೆ ಕತ್ತರಿ ಹಾಕೋಕಾಗಲ್ಲ, ಟೋಲ್‌ಗೆ ಹಾಕೋಕಾಗಲ್ಲ. ಟೈರಿಗೆ ಹಾಕಬಹುದು. ಇನ್ಶೂರೆನ್ಸಿಗೆ ಹಾಕಬಹುದು. ಎರಡನೇ ಡ್ರೈವರ್‌ಗೆ ಹಾಕಬಹುದು.

ಎರಡನೇ ಡ್ರೈವರ್ ಅಂದ್ರೆ 4,800 ರೂಪಾಯಿ. ನಮ್ಮ 44 ಜನಕ್ಕೆ ತಲೆಗೆ 110ಕ್ಕಿಂತ ಕಡಿಮೆ. ಮುರುಡೇಶ್ವರದಲ್ಲಿ ಸಂಜೆವರೆಗೆ ಸಮುದ್ರ ನೋಡಿ, ರಾತ್ರಿ ಎಲ್ಲರೂ ಹಾಡು ಹೇಳಿ ಮಲಗಿದ ಮೇಲೆ, ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ಟೇರಿಂಗ್ ಹಿಡಿದಿರೋ ಮನುಷ್ಯ ಹಿಂದಿನ ದಿನ ನಿದ್ದೆ ಮಾಡಿದ್ದಾನಾ ಇಲ್ವಾ ಅನ್ನೋದರ ಬೆಲೆ ಅದು.

10/10

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿದ್ದು 1961ರಲ್ಲಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಅದರಲ್ಲಿತ್ತು. ಡ್ರೈವರ್ ಕೊರತೆ ಇರೋ ಸೀಸನ್‌ನಲ್ಲಿ ಏನಾಗುತ್ತೆ ಅಂತ ನೀವೇ ಊಹಿಸಿ. ಒಬ್ಬ ಡ್ರೈವರ್ ಒಂದು ಟ್ರಿಪ್ ಇಳಿಸಿ, ಮುಖ ತೊಳೆದು, ಇನ್ನೊಂದು ಗಾಡಿ ಹತ್ತುತ್ತಾನೆ. ದುಡ್ಡಿನ ಆಸೆ ಇದ್ದೇ ಇರುತ್ತೆ, ಬೇರೆ ಜನ ಇಲ್ಲದೆಯೂ ಹತ್ತುತ್ತಾನೆ.

ಹಾಗಾಗಿ ಬಸ್ ಬುಕ್ ಮಾಡುವಾಗ ರೇಟ್ ಕೇಳೋಕೆ ಮುಂಚೆ ಇವನ್ನ ಕೇಳಿ. ಡ್ರೈವರ್ ಎಷ್ಟು ಜನ? ಹಿಂದಿನ ದಿನ ಅವರು ಬೇರೆ ಟ್ರಿಪ್‌ನಲ್ಲಿದ್ದಾರಾ? ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್ ಯಾವ ತಾರೀಕಿನವರೆಗೆ ಇದೆ? ಒಳ್ಳೇ ಓನರ್‌ಗೆ ಈ ಪ್ರಶ್ನೆಯಿಂದ ಕೋಪ ಬರಲ್ಲ, ಖುಷಿಯಾಗುತ್ತೆ. ಟೈರ್ ಕಣ್ಣಾರೆ ನೋಡಿ. ನಾವು ರೂಮ್ ಮಾಡುವಾಗ ಡ್ರೈವರ್‌ಗಳಿಗೂ ಒಂದು ರೂಮ್ ಹಾಕೋಣ, ಡಿಕ್ಕಿಯಲ್ಲಿ ಮಲಗೋದು ನಿದ್ದೆ ಅಲ್ಲ. ಪ್ಲಾನ್‌ನಲ್ಲಿ ರಾತ್ರಿ ಪ್ರಯಾಣ ಎರಡು ಇದೆ, ಒಂದನ್ನ ತೆಗೆಯೋಣ. ಕೊಲ್ಲೂರಲ್ಲಿ ಒಂದು ರಾತ್ರಿ ಜಾಸ್ತಿ ಇದ್ದರೆ ಏನೂ ಕಳ್ಕೊಳ್ಳಲ್ಲ.

ನಮ್ಮ ಮನೆಯಲ್ಲಿ ಮಾರ್ಚ್‌ಗೆ ಒಂದು ತೀರ್ಮಾನ ಆಗಬೇಕು. ಎಫ್‌ಸಿ ಬರುತ್ತೆ, ಇನ್ಶೂರೆನ್ಸ್ ಬರುತ್ತೆ, ಎರಡೂ ಸೇರಿ ದೊಡ್ಡ ಮೊತ್ತ. ಡ್ರೈವರ್ ಮಾವ ಈ ಅಯ್ಯಪ್ಪ ಸೀಸನ್ನೇ ಕೊನೆ ಅಂದಿದ್ದಾರೆ. ಮಂಡಿ ನೋವು, ಕ್ಲಚ್ ತುಳಿಯೋಕಾಗಲ್ಲ. ಕೊಳ್ಳೋಕೆ ಒಬ್ಬರು ಕೇಳ್ತಿದ್ದಾರೆ. ಅವರು ಕೊಡೋ ಬೆಲೆಗೆ ಸಾಲ ತೀರುತ್ತೆ, ಕೈಯಲ್ಲಿ ಸ್ವಲ್ಪ ಉಳಿಯುತ್ತೆ. ಇಟ್ಕೊಂಡರೆ 2027ರವರೆಗೆ ಹಲ್ಲು ಕಚ್ಚಿ ಎಳೀಬೇಕು, ಆಮೇಲೆ ಬಸ್ಸು ಪೂರ್ತಿ ನಮ್ಮದು. ಎರಡೂ ಲೆಕ್ಕ ಎಕ್ಸೆಲ್‌ನಲ್ಲಿ ಹಾಕಿ ಅಪ್ಪನ ಮುಂದಿಟ್ಟೆ. ಲೆಕ್ಕ ಇಟ್ಕೊಳ್ಳಿ ಅಂತಾನೇ ಹೇಳುತ್ತೆ, ಒಂದು ಷರತ್ತಿನ ಮೇಲೆ. ಅಪ್ಪ ಕನ್ನಡಕ ತೆಗೆದು ಹೇಳಿದ್ದೂ ಅದನ್ನೇ: "ಡ್ರೈವರ್ ಸಿಕ್ಕಿದರೆ ಇಟ್ಕೊಳ್ಳೋಣ. ಸಿಗದೆ ಹೋದ್ರೆ ಯಾರನ್ನೋ ಕೂರಿಸಿ ಜನರ ಮಕ್ಕಳನ್ನ ಕಳಿಸಲ್ಲ."

ನಿಮಗೆ ಗೊತ್ತಿರೋ ಹೆವಿ ಲೈಸೆನ್ಸ್ ಇರೋರು, ಘಾಟಿ ಅನುಭವ ಇರೋರು, ತಿಂಗಳ ಸಂಬಳಕ್ಕೆ ಬರೋರು ಯಾರಾದ್ರೂ ಇದ್ದರೆ ಮೆಸೇಜ್ ಮಾಡಿ. ಒಂದನೇ ತಾರೀಕು ಸಂಬಳ ಹಾಕೋ ಜವಾಬ್ದಾರಿ ನಂದು. ಟ್ರಿಪ್ ಬಗ್ಗೆ ನಾಳೆ ಗ್ರೂಪ್‌ನಲ್ಲಿ ಪೋಲ್ ಹಾಕ್ತೀನಿ, ಇಬ್ಬರು ಡ್ರೈವರ್ ಬೇಕಾ ಬೇಡ್ವಾ ಅಂತ. ತಲೆಗೆ 110 ರೂಪಾಯಿ. ಯೋಚಿಸಿ ವೋಟ್ ಮಾಡಿ.

#ಟೂರಿಸ್ಟ್‌ಬಸ್ #ಮೈಸೂರು #ಬಸ್ಸಿನಲೆಕ್ಕ #ಫೈನಲ್‌ಇಯರ್‌ಟ್ರಿಪ್ #ಡ್ರೈವರ್‌ಮಾವ #ಕನ್ನಡಬರಹ